ಪ್ರಯೋಗ ಮುಗಿದ ಮೇಲಿನ ಕೆಲಸ

ಪ್ರಯೋಗ ಮುಗಿಯಿತು, ಅಂಕಿ ಅಂಶಗಳು ಕೈಗೆ ಬಂದವು, ಇನ್ನು ಬರೆದು ಕಳಿಸುವುದೊಂದೇ ಬಾಕಿ. ಸಂಶೋಧನೆಯಲ್ಲಿ ತೊಡಗಿದ ತರುಣ ತರುಣಿಯರ ಬಾಯಲ್ಲಿ ಈ ಮಾತನ್ನು ನೀವು ಕೇಳಿರುತ್ತೀರಿ, ನೀವೇ ಆಡಿರಲೂಬಹುದು. ಆ 'ಒಂದೇ ಬಾಕಿ' ಎಂಬುದು ಎಷ್ಟೋ ಜನರ ಎರಡು ಮೂರು ವರ್ಷಗಳನ್ನು ನುಂಗಿದೆ. ಒಳ್ಳೆಯ ಕೆಲಸ ಮಾಡಿಯೂ ಅದನ್ನು ಅಚ್ಚುಕಟ್ಟಾಗಿ ಬರೆಯಲಾರದೆ ಬೀರುವಿನಲ್ಲಿಟ್ಟವರು ನಮ್ಮ ಕಾಲೇಜುಗಳಲ್ಲಿ ಕಡಿಮೆಯಿಲ್ಲ. ಇನ್ನು ಕೆಲವರು ಬಡ್ತಿಯ ಅವಸರದಲ್ಲಿ ಹಣ ಕಟ್ಟಿ, ಯಾರೂ ಓದದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಕೆಲಸವನ್ನೂ ಹೆಸರನ್ನೂ ಕಳೆದುಕೊಂಡಿದ್ದಾರೆ. ಕಿರುತೆರೆಯ ಮಾತುಕತೆಯಲ್ಲಿ ಇವನ್ನೆಲ್ಲ ಮೇಲುಮೇಲೆ ಹೇಳಿ ಮುಗಿಸಬೇಕಾಗುತ್ತದೆ. ಕಾಗದ, ಪೆನ್ನು ಹಿಡಿದು ಕುಳಿತವರಿಗೆ ಬೇಕಾದ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಪ್ರಕಟವಾಗದ ಸಂಶೋಧನೆ ಲೋಕದ ಪಾಲಿಗೆ ನಡೆದೇ ಇಲ್ಲ. ಸಿ. ವಿ. ರಾಮನ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಚದರಿದ ಬೆಳಕಿನ ಹೊಸ ಗೆರೆಗಳು ಕಂಡವು. ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಯಲ್ಲಿ ಅವರು ಆ ಬಗ್ಗೆ ಉಪನ್ಯಾಸ ಕೊಟ್ಟರು. ತಿಂಗಳು ಮುಗಿಯುವುದರೊಳಗೆ ಅದು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅಚ್ಚಾಗಿ, ಪ್ರತಿಗಳು ಹೊರದೇಶಗಳ ವಿಜ್ಞಾನಿಗಳಿಗೆ ಹೊರಟಿದ್ದವು. ಅದೇ ವರ್ಷ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬಿಬ್ಬರು ಇದೇ ಪರಿಣಾಮವನ್ನು ಹರಳುಗಳಲ್ಲಿ ಕಂಡಿದ್ದರು. ಅವರ ಬರಹ ಹೊರಬಂದದ್ದು ಕೆಲವು ತಿಂಗಳ ಅನಂತರ. 1930ರ ನೊಬೆಲ್ ಪಾರಿತೋಷಕ ರಾಮನ್‌ಗೆ ಬಂತು. ಇದನ್ನು ಓದಿ ನೀವು ಹದಿನೈದು ದಿನದಲ್ಲಿ ಬರೆದು ಮುಗಿಸಲು ಹೊರಡಬೇಡಿ. ಆ ಹದಿನೈದು ದಿನಗಳ ಹಿಂದೆ ಏಳು ವರ್ಷಗಳ ಕೆಲಸವಿತ್ತು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. ಸುತ್ತಲಿನ 40 ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಳೆದಿದ್ದೀರಿ. ಆ ಭಾಗದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹೊಸ ಸಂಗತಿಯಲ್ಲ. ಹಲ್ಲಿನ ಕಂದು ಕಲೆ, ಬಾಗಿದ ಮೂಳೆ ಅಲ್ಲಿನವರಿಗೆ ಗೊತ್ತು. ಹಾಗಾದರೆ ನಿಮ್ಮ ಲೇಖನದಲ್ಲಿ ಹೊಸದೇನು? ಈ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರವನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. 'ಬಾವಿ ಆಳವಾದಷ್ಟೂ ಫ್ಲೋರೈಡ್ ಹೆಚ್ಚು. ಮಳೆಗಾಲದ ಅನಂತರವೂ ಆಳದ ಬಾವಿಗಳಲ್ಲಿ ಅದು ಇಳಿಯಲಿಲ್ಲ' ಎಂದು ಬರೆಯಲು ಸಾಧ್ಯವಾದರೆ ನಿಮ್ಮಲ್ಲಿ ಲೇಖನವಿದೆ. 'ಕೆಲವು ಬಾವಿಗಳಲ್ಲಿ ಫ್ಲೋರೈಡ್ ಇದೆ' ಎಂದಷ್ಟೇ ಆದರೆ ನಿಮ್ಮಲ್ಲಿರುವುದು ಅಳತೆಗಳ ಪಟ್ಟಿ. (ಈ ಫಲಿತಾಂಶ ಉದಾಹರಣೆಗೆಂದು ಕಲ್ಪಿಸಿದ್ದು, ಯಾರ ಕೆಲಸದಿಂದಲೂ ತೆಗೆದುಕೊಂಡದ್ದಲ್ಲ.)

ಲೇಖನ ಓದುವ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಓದುವಾಗ ಶೀರ್ಷಿಕೆ, ಸಾರಾಂಶ, ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಕ್ರಮ. ಬರೆಯುವಾಗ ನಕ್ಷೆ, ಕೋಷ್ಟಕಗಳಿಂದ ಶುರು ಮಾಡಿ. ಯಾವ ನಕ್ಷೆ ನಿಮ್ಮ ಚೀಟಿಯ ವಾಕ್ಯವನ್ನು ತೋರಿಸುತ್ತದೆಯೋ ಅದು ಇರಲಿ, ಉಳಿದದ್ದು ಬೇಡ. ನಮ್ಮ ಸಂಕಲನದ ಕೋಣೆಯಲ್ಲೂ ಇದೇ ಕಷ್ಟ: ಬಿಸಿಲಲ್ಲಿ ಅಲೆದು ಚಿತ್ರಿಸಿಕೊಂಡು ಬಂದ ದೃಶ್ಯವನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ. ಪಟ್ಟ ಶ್ರಮ ನೋಡುವವರಿಗೆ ಕಾಣುವುದಿಲ್ಲ, ಅದು ಅವರಿಗೆ ಬೇಕಾಗಿಯೂ ಇಲ್ಲ.

ನಕ್ಷೆಗಳಾದ ಮೇಲೆ ವಿಧಾನ ಬರೆಯಿರಿ. ಇದನ್ನು ಹಲವರು ಕಾಟಾಚಾರಕ್ಕೆ ಬರೆಯುತ್ತಾರೆ, ಪರಿಶೀಲಕರು ಮೊದಲು ಕೈಯಿಡುವುದೂ ಇಲ್ಲಿಗೇ. ನೀವು ಕಾಣದ ಇನ್ನೊಬ್ಬರು, ಇನ್ನೊಂದು ಊರಿನಲ್ಲಿ, ನಿಮ್ಮನ್ನು ಒಂದು ಮಾತೂ ಕೇಳದೆ ಅದೇ ಕೆಲಸ ಮಾಡಲು ಸಾಧ್ಯವಾಗಬೇಕು. ನೀರಿನ ಮಾದರಿ ಹಿಡಿದದ್ದು ಯಾವ ತಿಂಗಳಲ್ಲಿ? ಪಂಪು ಚಾಲೂ ಮಾಡಿ ಎಷ್ಟು ನಿಮಿಷದ ಮೇಲೆ? ಗಾಜಿನ ಸೀಸೆಯಲ್ಲೋ ಪ್ಲಾಸ್ಟಿಕ್ಕಿನದರಲ್ಲೋ? ಫ್ಲೋರೈಡ್‌ಗೆ ಗಾಜಿನೊಡನೆ ವರ್ತಿಸುವ ಗುಣವಿರುವುದರಿಂದ ಪಾಲಿಥೀನ್ ಸೀಸೆ ಬಳಸುವುದು ರೂಢಿ. ನೀವು ಯಾವುದನ್ನು ಬಳಸಿದಿರೆಂದು ಹೇಳದಿದ್ದರೆ ಬಲ್ಲವರಿಗೆ ನಿಮ್ಮ ಅಂಕಿಗಳ ಮೇಲೆ ಅಲ್ಲಿಯೇ ಅನುಮಾನ ಹುಟ್ಟುತ್ತದೆ. ಉಪಕರಣ ಯಾವುದು, ಅದನ್ನು ಯಾವ ದ್ರಾವಣಗಳಿಂದ ಸರಿಹೊಂದಿಸಿಕೊಂಡಿರಿ, ಒಂದೊಂದು ಮಾದರಿಯನ್ನು ಎಷ್ಟು ಸಲ ಅಳೆದಿರಿ, ಇವೂ ಇರಲಿ. ಮನುಷ್ಯರಿಂದಲೋ ಪ್ರಾಣಿಗಳಿಂದಲೋ ಮಾಹಿತಿ ಪಡೆದಿದ್ದರೆ ನೀತಿ ಸಮಿತಿಯ ಅನುಮತಿಯನ್ನೂ ನಮೂದಿಸಬೇಕು. ಅದನ್ನು ಕೆಲಸಕ್ಕೆ ಮೊದಲೇ ಪಡೆದಿರಬೇಕು, ಆಮೇಲೆ ಪಡೆಯುವ ದಾರಿಯಿಲ್ಲ.

ಫಲಿತಾಂಶದಲ್ಲಿ ಕಂಡದ್ದು, ಚರ್ಚೆಯಲ್ಲಿ ಅದರ ಅರ್ಥ. ಎರಡನ್ನೂ ಬೆರೆಸಬೇಡಿ. ಉಪಕರಣ ಒಂದು ದಶಮಾಂಶದವರೆಗೆ ಮಾತ್ರ ನಂಬಲರ್ಹವಾಗಿದ್ದರೆ ಲೀಟರಿಗೆ 1.8 ಮಿಲಿಗ್ರಾಂ ಎನ್ನಿ. ಕ್ಯಾಲ್ಕ್ಯುಲೇಟರ್ ತೋರಿಸಿತೆಂದು 1.8372 ಎಂದು ಬರೆದರೆ ಇಲ್ಲದ ನಿಖರತೆಯನ್ನು ಹೇಳಿಕೊಂಡಂತಾಗುತ್ತದೆ. ಭಾರತೀಯ ಮಾನಕ ಬ್ಯೂರೋ 2012ರ ಮಾನಕದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 1.0 ಮಿಲಿಗ್ರಾಂ ಮಿತಿ ಹಾಕಿದೆ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶವಿದೆ. ನಿಮ್ಮ ಅಂಕಿಯನ್ನು ಯಾವುದಕ್ಕೆ ಹೋಲಿಸಿದಿರಿ ಎಂಬುದರ ಮೇಲೆ 'ಅಪಾಯದ' ಬಾವಿಗಳ ಸಂಖ್ಯೆಯೇ ಬದಲಾಗುತ್ತದೆ. ಅದನ್ನು ಬಿಡಿಸಿ ಹೇಳಿ. ಎಣಿಕೆಗೆ ಹೊಂದದ ಬಾವಿಗಳನ್ನು ಮುಚ್ಚಿಡಬೇಡಿ. ನಿಮ್ಮ ಕೆಲಸದ ಮಿತಿಯನ್ನು ನೀವೇ ಹೇಳಿದರೆ ಪರಿಶೀಲಕರಿಗೆ ವಿಶ್ವಾಸ ಬರುತ್ತದೆ. ಅವರೇ ಕಂಡುಹಿಡಿದರೆ ಉಳಿದದ್ದರ ಮೇಲೂ ಸಂಶಯ ಬರುತ್ತದೆ.

ಪೀಠಿಕೆ, ಸಾರಾಂಶ, ಶೀರ್ಷಿಕೆಗಳನ್ನು ಕೊನೆಗೆ ಬರೆಯಿರಿ. 'ಕುರಿತು ಒಂದು ಅಧ್ಯಯನ' ಎಂಬ ಬಾಲದ ಶೀರ್ಷಿಕೆ ಏನನ್ನೂ ಹೇಳುವುದಿಲ್ಲ. ಭಾಷೆಯ ಬಗ್ಗೆ ಅಳುಕುವವರಿಗೆ ಒಂದು ಮಾತು: ಇಂಗ್ಲಿಷಿನಲ್ಲೇ ಕಳಿಸಬೇಕಾದರೂ ಚರ್ಚೆಯ ಮುಖ್ಯಾಂಶಗಳನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ತಿಳಿಯಾಗದ ಮಾತು ಇಂಗ್ಲಿಷಿನ ದೊಡ್ಡ ಪದಗಳಿಂದ ತಿಳಿಯಾಗದು. ಬೇರೆಯವರ ವಾಕ್ಯಗಳನ್ನು ಎತ್ತಿ ಜೋಡಿಸುವ ಅಭ್ಯಾಸ ಮಾತ್ರ ಬೇಡ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚಿನ ಹೋಲಿಕೆಗೆ ದಂಡನೆಯ ಹಂತಗಳಿವೆ. ಹಾಗೆಂದು ಶೇಕಡಾ 9 ಕದಿಯಬಹುದೆಂದು ಅರ್ಥವಲ್ಲ!

ಲೇಖಕರ ಹೆಸರುಗಳ ವಿಚಾರ ನಮ್ಮಲ್ಲಿ ಸೂಕ್ಷ್ಮವಾದದ್ದು. ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಹೆಸರು ಸೇರಿಸುವ ಪದ್ಧತಿ ಇದೆ, ಅದು ಹೋಗಬೇಕೆಂದೇ ನನ್ನ ಅಭಿಪ್ರಾಯ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆಯಲ್ಲೋ ತಿದ್ದುವುದರಲ್ಲೋ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಲೇಖನಕ್ಕೆ ಹೊಣೆ ಇವು ನಾಲ್ಕೂ ಇದ್ದವರು ಮಾತ್ರ ಲೇಖಕರು. ಉಳಿದವರಿಗೆ ಕೃತಜ್ಞತೆಯ ಸಾಲು ಇದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಲೇಖಕನೆಂದು ಹೆಸರಿಸುವಂತಿಲ್ಲವೆಂದು 2023ರಿಂದ ಪ್ರಮುಖ ಪತ್ರಿಕೆಗಳು ಹೇಳಿವೆ. ಹೊಣೆ ಹೊರಲಾರದ್ದು ಲೇಖಕನಾಗಲಾರದು, ಬಳಸಿದ್ದರೆ ತಿಳಿಸಬೇಕು.

ಇನ್ನು ಯಾವ ಪತ್ರಿಕೆಗೆ ಕಳಿಸುವುದು? ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. 2013ರಲ್ಲಿ 'ಸೈನ್ಸ್' ಪತ್ರಿಕೆಯ ಪರವಾಗಿ ಜಾನ್ ಬೊಹಾನನ್ ಒಂದು ಪರೀಕ್ಷೆ ಮಾಡಿದರು. ಯಾವ ಪರಿಶೀಲಕರಿಗೂ ಕಾಣುವಂಥ ದೋಷಗಳಿದ್ದ ಸುಳ್ಳು ಲೇಖನವನ್ನು ಹೆಸರು, ವಿವರ ಬದಲಿಸಿ 304 ಮುಕ್ತ ಪ್ರವೇಶದ ಪತ್ರಿಕೆಗಳಿಗೆ ಕಳಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು! ಆ ಪತ್ರಿಕೆಗಳಲ್ಲಿ ಭಾರತದವು ಬಹಳ ಇದ್ದವೆಂಬುದು ನಮಗೆ ನಾಚಿಕೆಯ ಸಂಗತಿ. ಇಂಥ ಪತ್ರಿಕೆಗಳನ್ನು ಬೇಟೆಯ ಪತ್ರಿಕೆಗಳೆನ್ನಬಹುದು. ಬೇಟೆ ನೀವೇ. 'ಪೂಜ್ಯ ವಿದ್ವಾಂಸರೇ' ಎಂದು ತಾವಾಗಿ ಪತ್ರ ಬರೆಯುತ್ತವೆ, ನಾಲ್ಕೇ ದಿನದಲ್ಲಿ ಪರಿಶೀಲನೆ ಮುಗಿಸುತ್ತವೆ, ಶುಲ್ಕದ ಮಾತನ್ನು ಕೊನೆಯಲ್ಲಿ ಎತ್ತುತ್ತವೆ. ಹಣ ಹೋದರೆ ಹೋಗಲಿ, ಒಮ್ಮೆ ಅಲ್ಲಿ ಅಚ್ಚಾದ ಕೆಲಸವನ್ನು ಒಳ್ಳೆಯ ಪತ್ರಿಕೆ ಮತ್ತೆ ತೆಗೆದುಕೊಳ್ಳುವುದಿಲ್ಲ. ಪಾವಗಡದ ಆ ನಲವತ್ತು ಬಾವಿಗಳ ಸುದ್ದಿ, ಅದನ್ನು ಬಳಸಬಹುದಾಗಿದ್ದವರ ಕಣ್ಣಿಗೆ ಬೀಳದೆ ಅಲ್ಲೇ ಮುಳುಗಿಹೋಗುತ್ತದೆ.

ಶುಲ್ಕ ಕೇಳುವ ಎಲ್ಲ ಪತ್ರಿಕೆಗಳೂ ಕೆಟ್ಟವಲ್ಲ, ಇದನ್ನೂ ಗಮನದಲ್ಲಿಡಿ. ಅನುದಾನ ಆಯೋಗ ಪತ್ರಿಕೆಗಳ ಒಂದು ಪಟ್ಟಿಯನ್ನು ಇಟ್ಟುಕೊಂಡಿತ್ತು. 'ಕೇರ್' ಎಂಬ ಆ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಈಗ ವಿಚಾರಿಸಿ ನೋಡುವ ಹೊಣೆ ನಿಮ್ಮದು, ನಿಮ್ಮ ಸಂಸ್ಥೆಯದು. ನೀವು ಉಲ್ಲೇಖಿಸಿದ ಲೇಖನಗಳು ಯಾವ ಪತ್ರಿಕೆಗಳಲ್ಲಿ ಬಂದಿವೆಯೋ ನೋಡಿ. ನಿಮ್ಮ ಓದುಗರು ಅಲ್ಲಿದ್ದಾರೆ. ಪತ್ರಿಕೆಯ ಇತ್ತೀಚಿನ ಮೂರು ನಾಲ್ಕು ಸಂಚಿಕೆಗಳನ್ನು ಓದಿ. ಸಂಪಾದಕ ಮಂಡಲಿಯಲ್ಲಿರುವವರು ನಿಜವಾಗಿ ಆ ವಿಷಯದವರೇ ಎಂದು ಅವರ ಸಂಸ್ಥೆಯ ಮೂಲಕ ಖಚಿತಪಡಿಸಿಕೊಳ್ಳಿ. ಬೆಂಗಳೂರಿನಲ್ಲೇ 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಇದೆ, ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳಿವೆ. ಹೊರದೇಶದ ಹೆಸರೊಂದಿದ್ದರೆ ಸಾಕೆಂಬ ಭ್ರಮೆ ಬೇಡ. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಕಡೆ ಕಳಿಸುವುದು ಎಲ್ಲೂ ಒಪ್ಪಿತವಲ್ಲ.

ಪತ್ರಿಕೆ ಗೊತ್ತಾದ ಮೇಲೆ ಅದರ 'ಲೇಖಕರಿಗೆ ಸೂಚನೆ' ಪುಟವನ್ನು ಪಾಕದ ಅಳತೆಯಂತೆ ಪಾಲಿಸಿ: ಪದಗಳ ಮಿತಿ, ಉಲ್ಲೇಖಗಳ ರೀತಿ, ಚಿತ್ರಗಳ ಗಾತ್ರ. ಜೊತೆಗೊಂದು ಪತ್ರ ಬೇಕು. 1924ರ ಜೂನ್‌ನಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನ್‌ಗೆ ತಮ್ಮ ಲೇಖನ ಕಳಿಸಿದಾಗ ಜೊತೆಗಿಟ್ಟ ಪತ್ರ ಚಿಕ್ಕದು. ಏನು ಸಾಧಿಸಲು ಯತ್ನಿಸಿದ್ದೇನೆ, ನಿಮ್ಮಿಂದ ಏನು ಬೇಕು ಎಂಬುದು ಅದರಲ್ಲಿ ನೇರವಾಗಿತ್ತು. ಐನ್‌ಸ್ಟೈನ್ ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕಳಿಸಿದರು. ನಿಮ್ಮ ಪತ್ರವೂ ಒಂದು ಪುಟ ಮೀರದಿರಲಿ.

ಆಮೇಲೆ ಕಾಯುವುದು. ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ಪರಿಶೀಲಕರ ಟೀಕೆ ಬಂದಾಗ ಕೋಪ ಬರುವುದು ಸಹಜ, ಐನ್‌ಸ್ಟೈನ್‌ಗೇ ಬಂದಿತ್ತು. 1936ರಲ್ಲಿ ಗುರುತ್ವದ ಅಲೆಗಳ ಬಗ್ಗೆ ರೋಸನ್ ಜೊತೆ ಬರೆದ ಲೇಖನವನ್ನು 'ಫಿಸಿಕಲ್ ರಿವ್ಯೂ' ಸಂಪಾದಕರು ಪರಿಶೀಲಕರಿಗೆ ತೋರಿಸಿದ್ದೇ ಅವರಿಗೆ ಹಿಡಿಸಲಿಲ್ಲ, ಲೇಖನ ಹಿಂತೆಗೆದುಕೊಂಡರು. ಪರಿಶೀಲಕರು ಹೇಳಿದ್ದರಲ್ಲಿ ಹುರುಳಿತ್ತು. ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಲೇಖನ ಬಂದಾಗ ಅದರ ತೀರ್ಮಾನ ಬದಲಾಗಿತ್ತು. ನೀವು ಎರಡು ದಿನ ಪತ್ರವನ್ನು ಮುಟ್ಟದೆ ಇಟ್ಟು, ಅನಂತರ ಒಂದೊಂದು ಟೀಕೆಗೂ ಪ್ರತ್ಯೇಕ ಉತ್ತರ ಬರೆಯಿರಿ: ಇಲ್ಲಿ ತಿದ್ದಿದ್ದೇನೆ, ಇಂಥ ಪುಟ, ಇಂಥ ಸಾಲು. ಒಪ್ಪದಿದ್ದರೆ ಕಾರಣ ಕೊಡಿ. ಪರಿಶೀಲಕರಿಗೆ ಅರ್ಥವಾಗಲಿಲ್ಲವೆಂದರೆ ಆ ವಾಕ್ಯ ಇನ್ನೂ ತಿಳಿಯಾಗಬೇಕಿದೆ ಎಂದು ತಿಳಿಯಿರಿ. ತಿರಸ್ಕೃತವಾದರೆ ಇನ್ನೊಂದು ಪತ್ರಿಕೆ ಇದೆ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಕಳಿಸಿದ ಸಿಟ್ರಿಕ್ ಆಮ್ಲ ಚಕ್ರದ ಬರಹವನ್ನು 'ನೇಚರ್' ಪತ್ರಿಕೆ ಸ್ಥಳವಿಲ್ಲವೆಂದು ಹಿಂದಿರುಗಿಸಿತ್ತು. ಅದು ಬೇರೆಡೆ ಅಚ್ಚಾಯಿತು, 1953ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು.

ಒಪ್ಪಿಗೆ ಬಂದ ಮೇಲೆ ಕರಡಚ್ಚು ಬರುತ್ತದೆ, ತಿದ್ದಲು ಎರಡು ಮೂರು ದಿನ ಕೊಡುತ್ತಾರೆ. ಸಂತೋಷದಲ್ಲಿ ಕಣ್ಣಾಡಿಸಿ ಕಳಿಸಬೇಡಿ. ಕೋಷ್ಟಕದ ಅಂಕಿಗಳನ್ನು ಒಬ್ಬರು ಓದಿ ಇನ್ನೊಬ್ಬರು ಮೂಲದೊಡನೆ ಒಪ್ಪ ನೋಡಿ. ಏಕಮಾನದ ಚಿಹ್ನೆಗಳ ಮೇಲೆ ವಿಶೇಷ ಗಮನವಿರಲಿ: ಮೈಕ್ರೋ ಸೂಚಿಸುವ ಗ್ರೀಕ್ ಅಕ್ಷರ ಒಂದು ಅಕ್ಷರವಿನ್ಯಾಸದಿಂದ ಇನ್ನೊಂದಕ್ಕೆ ಹೋಗುವಾಗ ಇಂಗ್ಲಿಷಿನ 'ಎಮ್' ಆಗಿಬಿಡುವುದುಂಟು, ಆಗ ಮೈಕ್ರೋಗ್ರಾಂ ಎಂಬುದು ಮಿಲಿಗ್ರಾಂ ಆಗಿ ನಿಮ್ಮ ಬಾವಿಯ ನೀರಿನ ಲೆಕ್ಕ ಸಾವಿರ ಪಟ್ಟು ಏರುತ್ತದೆ.