ಹಟ ಮಾಡುವ ಪುಟಾಣಿಗಳೂ ನಾವೂ

ಊರಿನಲ್ಲಿ ಮಗು ಹಟ ಹಿಡಿದರೆ ಎತ್ತಿಕೊಂಡು ಹೋಗಲು ಅಜ್ಜಿ ಇರುತ್ತಿದ್ದರು, ಹಟ್ಟಿಯ ಕರು ತೋರಿಸಲು ಚಿಕ್ಕಪ್ಪ ಇರುತ್ತಿದ್ದರು. ದುಬೈ, ಅಬುಧಾಬಿಯ ಫ್ಲ್ಯಾಟುಗಳಲ್ಲಿ ನೆಲೆಸಿರುವ ನಮಗೆ ಆ ಅನುಕೂಲವಿಲ್ಲ. ಬೇಸಿಗೆಯ ಹಗಲಿನಲ್ಲಿ ಪಾರ್ಕಿಗೆ ಕರೆದೊಯ್ಯುವಂತೆಯೂ ಇಲ್ಲ. ಹೀಗಾಗಿ ಮಗುವಿನ ಸಿಟ್ಟು, ಅಳು ಎಲ್ಲವೂ ಆಫೀಸಿನಿಂದ ದಣಿದು ಬಂದ ಅಪ್ಪ ಅಮ್ಮಂದಿರ ಮುಂದೆಯೇ ನಡೆಯಬೇಕು. ಕೈಗೆ ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತದೆ, ನಿಜ. ಆದರೆ ತಾನಾಗಿಯೇ ಸಮಾಧಾನವಾಗುವುದನ್ನು ಮಗು ಕಲಿಯುವುದಿಲ್ಲ.

ಸಿಟ್ಟನ್ನು ತಡೆಯುವ, ಕಾಯುವ ಕೆಲಸ ಮೆದುಳಿನ ಮುಂಭಾಗದ್ದು. ಅದು ಪೂರ್ತಿ ಬೆಳೆಯುವಾಗ ವಯಸ್ಸು ಇಪ್ಪತ್ತು ದಾಟಿರುತ್ತದೆ. ಆದ್ದರಿಂದ 3 ವರ್ಷದ ಮಗು ಅಂಗಡಿಯಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದರೆ ಅದು ನಮ್ಮ ಮಾನ ಕಳೆಯಲೆಂದು ಅಲ್ಲ. ಕಂಪ್ಯೂಟರಿನಂತೆ ಗುಂಡಿ ಒತ್ತಿ ರೀಸ್ಟಾರ್ಟ್ ಮಾಡುವ ಸೌಲಭ್ಯ ಮಕ್ಕಳಲ್ಲಿಲ್ಲ! ಆ ಹೊತ್ತಿನಲ್ಲಿ ಉಪದೇಶ ತಲೆಗೆ ಹೋಗುವುದಿಲ್ಲ. ಪಕ್ಕದಲ್ಲಿ ಕುಳಿತು, "ಆಟ ನಿಲ್ಲಿಸಿದ್ದಕ್ಕೆ ಸಿಟ್ಟು ಬಂತಾ ಪುಟ್ಟಾ?" ಎಂದು ಮೆಲ್ಲಗೆ ಕೇಳಿದರೆ ಮಗುವಿಗೆ ತನ್ನೊಳಗೆ ಆಗುತ್ತಿರುವುದಕ್ಕೆ ಒಂದು ಹೆಸರು ಸಿಗುತ್ತದೆ. ಹೆಸರು ಗೊತ್ತಾದ ಮೇಲೆ ಕೈ ಎತ್ತುವ ಬದಲು ಬಾಯಲ್ಲಿ ಹೇಳುವುದು ಸುಲಭ. ಇಲ್ಲಿ ನಮ್ಮ ಕನ್ನಡ ಬಲು ಶ್ರೀಮಂತ. ಬೇಸರ, ಮುನಿಸು, ಸಂಕಟ, ಕೊರಗು ಎಲ್ಲಕ್ಕೂ ನರ್ಸರಿಯಲ್ಲಿ 'ಸ್ಯಾಡ್' ಎಂಬ ಒಂದೇ ಪದ! ಹಾಗೆಂದು ಸಿಟ್ಟಿಗೆಲ್ಲ ಒಪ್ಪಿಗೆ ಇಲ್ಲ. ಸಿಟ್ಟು ಬರಬಹುದು, ತಂಗಿಗೆ ಹೊಡೆಯುವಂತಿಲ್ಲ ಎಂಬುದನ್ನು ಪ್ರತಿಸಲವೂ ಅದೇ ಮಾತಿನಲ್ಲಿ ಹೇಳಬೇಕು.

"ನಾಲ್ಕು ಬಾರಿಸಿದರೆ ಸರಿಹೋಗುತ್ತದೆ" ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಹೊಡೆತದಿಂದ ಮಗು ಕಲಿಯುವುದು ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಎಂಬುದನ್ನು ಮಾತ್ರ. ಅಲ್ಲದೆ ಮಕ್ಕಳನ್ನು ಹಿಂಸೆ ಮತ್ತು ನಿರ್ಲಕ್ಷ್ಯದಿಂದ ರಕ್ಷಿಸಲು ಯುಎಇಯಲ್ಲಿ 'ವದೀಮಾ ಕಾನೂನು' ಎಂದು ಹೆಸರಾದ 2016ರ ಫೆಡರಲ್ ಕಾನೂನು ಇದೆ. ಇಲ್ಲಿ ನೆಲೆಸಿದ ನಮ್ಮ ಮಕ್ಕಳಿಗೂ ಅದು ಅನ್ವಯಿಸುತ್ತದೆ.

ತಾಳ್ಮೆಯ ವಿಷಯಕ್ಕೆ ಬಂದರೆ, 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯಕರ. 28 ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳಿಗೆ ಮೊದಲು ಕೊಟ್ಟ ಮಾತನ್ನು ಉಳಿಸಿಕೊಂಡರು, ಉಳಿದವರಿಗೆ ತಪ್ಪಿದರು. ನಂತರ ಎಲ್ಲರ ಮುಂದೆಯೂ ಒಂದೊಂದು ಮಿಠಾಯಿ ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಎಂದರು. ಮಾತು ಉಳಿಸಿಕೊಂಡವರನ್ನು ನಂಬಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಕಾದದ್ದು ಕೇವಲ 3 ನಿಮಿಷ! ಶನಿವಾರ ಬೀಚಿಗೆ ಹೋಗೋಣ ಎಂದು ಹೇಳುವ ಮುನ್ನ ಆಫೀಸಿನ ಕೆಲಸವನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಾಯುವುದಕ್ಕೆ, ಸೋಲುವುದಕ್ಕೆ ನಮ್ಮ ಕರಾವಳಿಯ ಚೆನ್ನೆಮಣೆಗಿಂತ ಒಳ್ಳೆಯ ಆಟ ನಮಗಂತೂ ಕಂಡಿಲ್ಲ. ಏಳೇಳರಂತೆ ಎರಡು ಸಾಲು ಗುಳಿಗಳು, ಒಂದೊಂದರಲ್ಲಿ 4 ಬೀಜ. ಆಟಿ ತಿಂಗಳ ಮಳೆಯಲ್ಲಿ ಹಿಂದಿನವರು ಮನೆಯೊಳಗೆ ಆಡುತ್ತಿದ್ದದ್ದನ್ನು ಅದೇ ತಿಂಗಳಲ್ಲಿ ಇಲ್ಲಿನ ಸೆಕೆಗೆ ನಾವು ಎ.ಸಿ. ಕೋಣೆಯಲ್ಲಿ ಆಡಬಹುದು. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ, ಹುಣಸೆ ಬೀಜ ಸಾಕು. 5 ವರ್ಷದ ಮಗು ತನ್ನ ಸರದಿಗೆ ಕಾಯುತ್ತಲೇ ಎಣಿಕೆಯನ್ನೂ ಕಲಿಯುತ್ತದೆ. ಸೋತ ಸಿಟ್ಟಿಗೆ ಮಣೆ ಬೋರಲು ಹಾಕಿದರೆ ಬೀಜ ಹೆಕ್ಕುವ ಕೆಲಸ ಅದರದ್ದೇ. ನಾವೂ ಪಕ್ಕದಲ್ಲಿ ಕುಳಿತು ನಾಲ್ಕು ಹೆಕ್ಕಿಕೊಟ್ಟರೆ ತಪ್ಪೇನಿಲ್ಲ.