ಹರಿಗೋಲು ಹತ್ತುವ ಮೊದಲು

ಮನೆಮಂದಿ ಎಲ್ಲ ಸೇರಿ ಅಂಜನಾದ್ರಿಗೆ ಹೋಗುವುದುಂಟು. ಈ ಬೆಟ್ಟ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿದೆ. 575 ಮೆಟ್ಟಿಲು. ಹತ್ತಿ ಇಳಿದರೆ ಕಾಲು ಸೋತುಹೋಗುತ್ತವೆ. ಆ ರಾತ್ರಿ ಆನೆಗೊಂದಿ ಕಡೆಯೇ ಉಳಿಯುತ್ತೇವೆ. ಗಾಡಿ ನಿಲ್ಲಿಸಿ, ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತೇವೆ. ಬೆಳಗಾದ ಕೂಡಲೇ ಮಕ್ಕಳದು ಒಂದೇ ಹಟ. "ಅವ್ವಾ, ಸಾಣಾಪುರ ಕೆರಿಗೆ ಹೋಗೂಣು. ಹರಿಗೋಲಿನ್ಯಾಗ ಕುಂದ್ರೂಣು."

ಹೋಗೋಣ. ಯಾಕೆ ಹೋಗಬಾರದು? ಸುತ್ತ ಬಂಡೆಗಲ್ಲಿನ ಗುಡ್ಡ, ನಡುವೆ ತಣ್ಣನೆಯ ನೀರು. ವರ್ಷವೆಲ್ಲ ಒಲೆ, ಹೊಲ, ದನ ಅಂತ ದುಡಿಯುವ ನಮಗೂ ಒಂದು ದಿನ ಬೇಡವೇ? ಆದರೆ ಒಂದು ಮಾತು. ಬುತ್ತಿಯ ಲೆಕ್ಕ ನಮ್ಮದು, ನೀರಿನ ಲೆಕ್ಕ ಗಂಡಸರದು ಅಂತ ನಾವು ಬಿಟ್ಟುಬಿಡುತ್ತೇವೆ. ಹಾಗೆ ಬಿಡಬಾರದು.

ಹರಿಗೋಲನ್ನು ಕೆಲವರು ತೆಪ್ಪ ಅನ್ನುತ್ತಾರೆ, ಕೆಲವರು ಪುಟ್ಟಿ ಅನ್ನುತ್ತಾರೆ. ಇದು ದೊಡ್ಡ ಬುಟ್ಟಿ ಇದ್ದ ಹಾಗೆ. ಬಿದಿರಿನಿಂದ ಹೆಣೆದಿರುತ್ತಾರೆ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಸುಮಾರು 500 ವರ್ಷದ ಹಿಂದೆ ಪೋರ್ಚುಗಲ್ ದೇಶದ ಪೇಸ್ ಎಂಬುವನು ವಿಜಯನಗರಕ್ಕೆ ಬಂದಿದ್ದ. ಆನೆಗೊಂದಿಗೆ ಜನ ಹೊಳೆ ದಾಟುವುದನ್ನು ಅವನು ಬರೆದಿಟ್ಟಿದ್ದಾನೆ. ಬುಟ್ಟಿಯಂಥ ದೋಣಿ, ಅದು ನೆಟ್ಟಗೆ ಹೋಗುವುದಿಲ್ಲ, ತಿರುಗುತ್ತಲೇ ಇರುತ್ತದೆ ಅಂತ ಅವನಿಗೆ ಸೋಜಿಗ! ಇವತ್ತಿಗೂ ಅದು ಹಾಗೇ ತಿರುಗುತ್ತದೆ. ತಳ ಗುಂಡಗೆ, ಚಪ್ಪಟೆಯಾಗಿದೆ. ಅದಕ್ಕೇ ತಿರುಗುತ್ತದೆ. ಎಲ್ಲರೂ ತಳದಲ್ಲಿ ಸುತ್ತಲೂ ಕುಳಿತರೆ ಅದು ಗಟ್ಟಿ. ಎಲ್ಲರೂ ಒಂದೇ ಕಡೆ ವಾಲಿದರೆ ಮಗುಚುತ್ತದೆ. ಫೋಟೋ ತೆಗೆಯಲು ಎದ್ದು ನಿಲ್ಲುತ್ತಾರಲ್ಲ, ಅಪಾಯ ಬರುವುದು ಆಗಲೇ.

ನಾವೂ ಒಮ್ಮೆ ತಪ್ಪು ಮಾಡಿದೆವು. ಅದು ಬೇರೊಂದು ಊರಿನ ಕೆರೆ. ನಮ್ಮ ರಾತ್ರಿ ತರಗತಿಯ ಹೆಂಗಸರನ್ನು ಕರೆದುಕೊಂಡು ಹೋಗಿದ್ದೆವು. "ಎಷ್ಟು ಮಂದಿ?" ಅಂತ ಹರಿಗೋಲಿನವನು ಕೇಳಿದ. "ಎಂಟು" ಅಂದೆವು. ಮಡಿಲಲ್ಲಿದ್ದ ನಾಲ್ಕು ಮಕ್ಕಳನ್ನು ನಾವು ಎಣಿಸಿರಲೇ ಇಲ್ಲ! ಬಸ್ಸಿನಲ್ಲಿ ಮಡಿಲ ಕೂಸಿಗೆ ಟಿಕೆಟ್ಟಿಲ್ಲ. ಅದೇ ರೂಢಿ. ಆದರೆ ನೀರಿಗೆ ಕೂಸೂ ಭಾರವೇ. ನಡುಗೆರೆಗೆ ಹೋದಾಗ ಗಾಳಿ ಎದ್ದಿತು. ತೆರೆಯ ನೀರು ಅಂಚು ದಾಟಿ ಒಳಗೆ ಬಂತು. ಸೀರೆ ನೆನೆಯಿತು. ಒಬ್ಬಾಕೆ ಹೆದರಿ ಎದ್ದು ನಿಂತಳು. "ಕುಂದ್ರ ಯಕ್ಕಾ, ಕುಂದ್ರ!" ಅಂತ ಎಲ್ಲರೂ ಕೂಗಿದೆವು. ಊಟದ ಡಬ್ಬಿಯಿಂದ ನೀರು ಮೊಗೆದು ಮೊಗೆದು ಹೊರಚೆಲ್ಲಿದೆವು. ಹೇಗೋ ದಡ ಸೇರಿದೆವು. ಹರಿಗೋಲಿನವನನ್ನು ಬೈದು ಏನು ಫಲ? ಎಣಿಸಬೇಕಾದವರು ನಾವು. ನಾವು ಓದಿದವರು ಬೇರೆ!

ಎಲ್ಲರೂ ನಮ್ಮಂತೆ ದಡ ಸೇರುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿತು. 16 ಜನ ಸತ್ತರು. ಮಕ್ಕಳೂ ಇದ್ದರು.

ಹಾಗಾದರೆ ಹೊರಡುವ ಮೊದಲು ಏನು ನೋಡಬೇಕು?

ಹೊತ್ತು ನೋಡಿ. ಬೆಳಗಿನ ಹೊತ್ತು ಗಾಳಿ ಕಡಿಮೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ, ಗುಡುಗು ಬರಬಹುದು. ಎಂಟಕ್ಕೆ ಹೊರಟು ಹತ್ತಕ್ಕೆ ದಡಕ್ಕೆ ಬನ್ನಿ. ಊಟ ದಡದಲ್ಲೇ ಆಗಲಿ. ಮೊದಲು ಗಾಳಿಗೆ ಎದುರಾಗಿ ಹೋಗಲು ಹೇಳಿ. ಬರುವಾಗ ಹುಟ್ಟು ಹಾಕುವವನ ತೋಳು ದಣಿದಿರುತ್ತದೆ. ಆಗ ಗಾಳಿಯೇ ಹಿಂದಿನಿಂದ ನೂಕುತ್ತದೆ.

ನೀರು ನೋಡಿ. ಸಾಣಾಪುರ ಕೆರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಕಾಲುವೆಗೆ ನೀರು ಬಿಟ್ಟಾಗ ಸೆಳೆತ ಇರುತ್ತದೆ. ಹೊಳೆಯಂತೂ ಇನ್ನೂ ಅಪಾಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತುಹೋಯಿತು. ಒಮ್ಮೆಲೇ ಎಷ್ಟು ನೀರು ನುಗ್ಗಿರಬೇಡ! ಇಲ್ಲಿ ಮಳೆ ಇಲ್ಲದಿದ್ದರೂ ಮೇಲಿನಿಂದ ನೀರು ಬರುತ್ತದೆ. ಅಧಿಕಾರಿಗಳು ಹರಿಗೋಲು ಬೇಡ ಅಂದ ದಿನ ಬೇಡ. ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ಮುಸ್ಸಂಜೆ ಹೊತ್ತು ಪಾತ್ರೆ ತೊಳೆಯಲು ಮಗುವನ್ನು ಹೊಳೆಗೆ ಕಳಿಸಬೇಡಿ. ಮಲಗುವ ಜಾಗವೂ ನೀರಿನಿಂದ ದೂರ, ಎತ್ತರದಲ್ಲಿರಲಿ.

ಫಲಕ ಇದ್ದರೆ ನೀವೇ ಓದಿ. ಎಷ್ಟು ಜನ ಕೂರಬಹುದು ಅಂತ ಬರೆದಿರುತ್ತಾರೆ. ಇಲ್ಲದಿದ್ದರೆ ಕೇಳಿ. ನಮ್ಮದೊಂದು ಲೆಕ್ಕ ಇದೆ. ಎಲ್ಲರೂ ಕುಳಿತ ಮೇಲೆ ಹರಿಗೋಲಿನ ಅಂಚು ನೀರಿಗಿಂತ ಒಂದು ಗೇಣಾದರೂ ಮೇಲಿರಬೇಕು. ಇಲ್ಲವಾದರೆ ಇಬ್ಬರು ಇಳಿಯಿರಿ. "ಏನೂ ಆಗಂಗಿಲ್ಲ ಬರ್ರಿ" ಅಂತಾರೆ. ಅನ್ನಲಿ. ಇಳಿದವರು ಮುಂದಿನ ಸುತ್ತಿಗೆ ಹೋದರಾಯಿತು. ಕುಡಿದವರನ್ನು ಹತ್ತಿಸಲೇಬೇಡಿ. ಅವರು ಮನೆಯವರೇ ಆಗಿರಲಿ.

ಲೈಫ್ ಜಾಕೆಟ್, ಅಂದರೆ ತೇಲುವ ಅಂಗಿ, ಎಲ್ಲರಿಗೂ ಬೇಕು. ಈಜು ಬಲ್ಲವರಿಗೂ ಬೇಕು. ಮೊದಲು ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ. ಅದರ ಮೇಲೆ ತೊಟ್ಟು ಎಲ್ಲ ಪಟ್ಟಿ ಬಿಗಿಯಿರಿ. ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಅದು ಕಿವಿಯವರೆಗೆ ಬಂದರೆ ಸಡಿಲ. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ಮಗು ಅದರಿಂದ ಜಾರಿಹೋಗುತ್ತದೆ. ಮಗುವಿನ ಅಳತೆಯದು ಇಲ್ಲವೇ? ಹಾಗಾದರೆ ಮಗು ದಡದಲ್ಲೇ ಇರಲಿ, ಅಜ್ಜಿಯ ಜೊತೆ ಮಂಡಕ್ಕಿ ತಿನ್ನಲಿ. ಅಳುತ್ತದೆ, ಅಳಲಿ.

ಬಿಗಿ ಮುಚ್ಚಳದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಜೊತೆಗೆ ಇಟ್ಟುಕೊಳ್ಳಿ. ಯಾರಾದರೂ ಬಿದ್ದರೆ ಅದನ್ನು ಎಸೆಯಿರಿ, ಇಲ್ಲವೇ ಹುಟ್ಟು ಚಾಚಿ. ಕೈ ಚಾಚಲು ಎಲ್ಲರೂ ಒಂದೇ ಕಡೆ ಬಾಗಬೇಡಿ. ಹರಿಗೋಲೇ ಮಗುಚಿದರೆ ಅದನ್ನೇ ಹಿಡಿದುಕೊಂಡಿರಿ. ಅದು ತೇಲುತ್ತದೆ.

ಕೊನೆಗೆ ಒಂದು ಚೀಟಿ ಬರೆಯಿರಿ. ನೀವೇ ಬರೆಯಿರಿ. ದಡದಲ್ಲಿ ಉಳಿದವರ ಕೈಯಲ್ಲಿ ಕೊಡಿ. ನಮ್ಮ ತರಗತಿಯ ಒಬ್ಬ ಅಕ್ಕ ಹೋದ ಸಲ ಹೀಗೆ ಬರೆದಿದ್ದರು:

"ನಾವು ದೊಡ್ಡವರು 4. ಮಕ್ಕಳು 2. ಒಟ್ಟು 6. ಬೆಳಿಗ್ಗೆ 8ಕ್ಕೆ ಹೊರಟಿವಿ. ಗುಡ್ಡದ ಕಡೆ ಹೋಗ್ತಿವಿ. 10ಕ್ಕೆ ಬರ್ತಿವಿ. ಬರದಿದ್ದರ 112ಕ್ಕೆ ಫೋನ್ ಮಾಡ್ರಿ. ಅನ್ನದ ಡಬ್ಬಿ ಗಾಡಿ ಸೀಟಿನ ಕೆಳಗೈತಿ."