ಒಂದು ಕಡತ, ಹದಿನಾರು ಸಂಪರ್ಕ

ಪರೀಕ್ಷೆಯ ಮಾದರಿ ಪ್ರಶ್ನೆಪತ್ರಿಕೆ ಪ್ರಕಟವಾದ ದಿನ ಜಾಲತಾಣದ ಸರ್ವರ್ ತೆವಳುವುದನ್ನು ಎಲ್ಲರೂ ಕಂಡಿದ್ದೇವೆ. ಬಳಕೆದಾರರು ಹೆಚ್ಚಾದರು ಎಂದು ಸುಮ್ಮನಾಗುತ್ತೇವೆ. ಆದರೆ ಬಳಕೆದಾರರ ಸಂಖ್ಯೆ ಹೆಚ್ಚದೆ, ಅವರು ತೆರೆಯುವ ಸಂಪರ್ಕಗಳಷ್ಟೇ ಹೆಚ್ಚಿದರೂ ಇದೇ ಸ್ಥಿತಿ ಬರಬಹುದು. ಅದು ಹೇಗೆ?

ಎಚ್‌ಟಿಟಿಪಿ 1.1 ನಿಯಮಾವಳಿಯಲ್ಲಿ ಕಡತದ ಒಂದು ಭಾಗವನ್ನಷ್ಟೇ ಕೇಳುವ ಸೌಲಭ್ಯವಿದೆ. ಸರ್ವರ್ 206 ಎಂಬ ಸಂಕೇತದೊಡನೆ ಆ ಭಾಗವನ್ನು ಕಳುಹಿಸುತ್ತದೆ. ವಿದ್ಯುತ್ ಹೋಗಿ ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಮುಂದುವರಿಸಲು ಇದು ಬಹಳ ಉಪಯುಕ್ತ. ಇದೇ ಸೌಲಭ್ಯವನ್ನು ಬಳಸಿ ಡೌನ್‌ಲೋಡ್ ಮ್ಯಾನೇಜರ್‌ಗಳು ಒಂದು ಕಡತವನ್ನು 8 ಅಥವಾ 16 ತುಂಡುಗಳಾಗಿಸಿ, ಪ್ರತಿ ತುಂಡಿಗೂ ಪ್ರತ್ಯೇಕ ಸಂಪರ್ಕ ತೆರೆಯುತ್ತವೆ.

ಒಂದು ಲೆಕ್ಕ ಮಾಡೋಣ. ಸರ್ವರ್‌ನ ಸಾಮರ್ಥ್ಯ ಸೆಕೆಂಡಿಗೆ 100 ಮೆಗಾಬಿಟ್, ಬಳಕೆದಾರರು 50 ಎಂದಿಟ್ಟುಕೊಳ್ಳಿ. ತಲಾ ಒಂದು ಸಂಪರ್ಕವಿದ್ದರೆ ಪ್ರತಿಯೊಬ್ಬರಿಗೂ ಸುಮಾರು 2 ಮೆಗಾಬಿಟ್ ದೊರೆಯುತ್ತದೆ. ಒಬ್ಬ ಮಾತ್ರ 16 ಸಂಪರ್ಕ ತೆರೆದನೆನ್ನೋಣ. ಈಗ ಒಟ್ಟು ಸಂಪರ್ಕಗಳು 65. ಹಂಚಿಕೆ ನಡೆಯುವುದು ಸಂಪರ್ಕವಾರು. ಹೀಗಾಗಿ ಅವನಿಗೆ ಸುಮಾರು 25, ಉಳಿದವರಿಗೆ ತಲಾ 1.5 ಮೆಗಾಬಿಟ್. ಎಲ್ಲರೂ ಅವನ ಹಾದಿ ಹಿಡಿದರೆ? ಪ್ರತಿಯೊಬ್ಬರಿಗೂ ಮತ್ತೆ ಅದೇ 2 ಮೆಗಾಬಿಟ್! ಸರ್ವರ್ ಮಾತ್ರ 800 ಸಂಪರ್ಕಗಳ ಭಾರ ಹೊರಬೇಕು.

ಈ ಭಾರಕ್ಕೂ ಮಿತಿಯುಂಟು. ಸಂಪರ್ಕಕ್ಕೊಂದು ಪ್ರಕ್ರಿಯೆಯಂತೆ ನಡೆಯುವ ಅಪಾಚೆ ಸರ್ವರ್‌ನಲ್ಲಿ ಪೂರ್ವನಿಗದಿತ ಗರಿಷ್ಠ ಸಂಖ್ಯೆ 256. ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ಸರಳ ನಿಯಮ ಇಲ್ಲಿ ನೆರವಾಗುತ್ತದೆ: ಏಕಕಾಲದಲ್ಲಿರುವ ಕೋರಿಕೆಗಳು = ಬರುವ ದರ × ಉಳಿಯುವ ಕಾಲ. ಸೆಕೆಂಡಿಗೆ 3 ಕೋರಿಕೆ ಬಂದು, ಪ್ರತಿಯೊಂದೂ 40 ಸೆಕೆಂಡು ಉಳಿದರೆ 120. ವೇಗ ತಗ್ಗಿ 100 ಸೆಕೆಂಡು ಹಿಡಿದರೆ 300. ಆಗ ಚಿಕ್ಕದೊಂದು ಪುಟ ಕೇಳಿದವರೂ ಸರದಿಯಲ್ಲಿ ಕಾಯಬೇಕು.

ಪರಿಹಾರ, ಎಣಿಸಿ ತಡೆಯುವುದು. ಸರ್ವರ್‌ನ ದಾಖಲೆ ಕಡತ ಇಲ್ಲಿ ಸಾಲದು. ಕೋರಿಕೆ ಮುಗಿದ ಮೇಲಷ್ಟೇ ಅದರಲ್ಲಿ ಸಾಲು ಬರೆಯಲ್ಪಡುತ್ತದೆ. ಆದ್ದರಿಂದ ಎಂಜಿನ್‌ಎಕ್ಸ್‌ನಂತಹ ಸರ್ವರ್ ಪ್ರತಿ ಐಪಿ ವಿಳಾಸಕ್ಕೂ ಸ್ಮೃತಿಯಲ್ಲಿ ಒಂದು ಎಣಿಕೆ ಇಟ್ಟಿರಬಲ್ಲದು. ಕೋರಿಕೆ ಆರಂಭವಾದಾಗ ಒಂದು ಕೂಡುತ್ತದೆ, ಮುಗಿದಾಗ ಒಂದು ಕಳೆಯುತ್ತದೆ. ಮಿತಿ ಮೀರಿದರೆ 503 ಎಂಬ ಉತ್ತರ ಹೋಗುತ್ತದೆ. ಇದರ ಬದಲು 2012ರಲ್ಲಿ ರೂಪುಗೊಂಡ 429 ಸಂಕೇತವನ್ನು ಕಳುಹಿಸುವುದು ಹೆಚ್ಚು ಸ್ಪಷ್ಟ. 'ನಿಮ್ಮ ಕೋರಿಕೆಗಳು ಅತಿಯಾದವು' ಎಂಬುದು ಅದರ ಅರ್ಥ. ಹೇಳದೆ ಕಡಿದುಹೋದ ಸಂಪರ್ಕಗಳು ಎಣಿಕೆಯಲ್ಲೇ ಉಳಿಯದಂತೆ ಕಾಲಮಿತಿಯೂ ಬೇಕು.

ಮಿತಿ ಎಷ್ಟಿರಬೇಕು? ಒಂದು ಸರ್ವರ್‌ಗೆ ಎರಡಕ್ಕಿಂತ ಹೆಚ್ಚು ಸಂಪರ್ಕ ಬೇಡವೆಂದು 1999ರ ಎಚ್‌ಟಿಟಿಪಿ ನಿಯಮಾವಳಿ ಸಲಹೆ ಮಾಡಿತ್ತು. 2014ರ ಪರಿಷ್ಕರಣೆಯಲ್ಲಿ ಆ ಸಂಖ್ಯೆಯನ್ನು ಕೈಬಿಡಲಾಯಿತು. ನಮ್ಮ ವಿಭಾಗದ ಸರ್ವರ್‌ನಲ್ಲಿ ಒಮ್ಮೆ ಐಪಿ ವಿಳಾಸಕ್ಕೆ 2ರ ಮಿತಿ ಹಾಕಿದೆವು. ಮರುದಿನವೇ ವಿದ್ಯಾರ್ಥಿನಿಲಯದಿಂದ ದೂರು ಬಂತು. ಅಲ್ಲಿನ ಎಲ್ಲ ಗಣಕಗಳೂ ಒಂದೇ ಐಪಿ ವಿಳಾಸದ ಮೂಲಕ ಹೊರಬರುತ್ತಿದ್ದವು. ಇಬ್ಬರು ಡೌನ್‌ಲೋಡ್ ಮಾಡುತ್ತಿದ್ದರೆ ಮೂರನೆಯವರಿಗೆ ಬಾಗಿಲು ಮುಚ್ಚಿತ್ತು. ದುರಾಸೆಯನ್ನು ತಡೆಯಲು ಹಾಕಿದ ನಿಯಮ ಬಡಪಾಯಿಗಳನ್ನೇ ತಡೆದಿತ್ತು. ಬಳಕೆದಾರರು ಲಾಗಿನ್ ಆಗುವಲ್ಲಿ ಅವರ ಖಾತೆಯನ್ನೇ ಎಣಿಕೆಗೆ ಆಧಾರವಾಗಿಸುವುದು ಮೇಲು. ಅದು ಸಾಧ್ಯವಿಲ್ಲದಿದ್ದರೆ ಮಿತಿಯನ್ನು ಸಡಿಲಿಸಿ, ದೊಡ್ಡ ಕಡತಗಳಿಗೆ ಮಾತ್ರ ಅನ್ವಯಿಸಬೇಕು.

ಯಾವ ಅಳತೆಯಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಇಲ್ಲಿಯೂ ಅದೇ: ನಾವು ಎಣಿಸುತ್ತಿರುವುದು ಏನನ್ನು?